ಸೌಡಿಗೊಂದು ಡ್ರ್ಯಾಗನ್ ಪುಸ್ತಕ

ಮದುವೆಗೆ ಹೆಣ್ಣು ನೋಡಿಕೊಡುವವರಿದ್ದಾರೆ, ಮನೆ ಕಟ್ಟುವ ಮುಂಚೆ ವಾಸ್ತು ನೋಡಿಕೊಡುವವರಿದ್ದಾರೆ, ಎಮ್ಮೆ ಕೊಳ್ಳುವವನ ಜೊತೆ ಸಂತೆಗೆ ಬಂದು ಅದರ ಬಾಯಿ ಬಿಡಿಸಿ ಹಲ್ಲು ನೋಡಿಕೊಡುವವರೂ ಇದ್ದಾರೆ. ಆದರೆ ಜನ್ಮದಲ್ಲಿ ಕಥೆ ಪುಸ್ತಕ ಮುಟ್ಟದವರಿಗೆ ಮೊದಲನೆಯದಾಗಿ ಯಾವ ಪುಸ್ತಕ ಕೊಡಬೇಕು ಎಂದು ಹೇಳಿಕೊಡುವವರು ಮಾತ್ರ ಯಾರೂ ಇಲ್ಲ. ಎಮ್ಮೆ ಸರಿ ಬರದಿದ್ದರೆ ಮುಂದಿನ ಸಂತೆಯಲ್ಲಿ ಮಾರಿಬಿಡಬಹುದು. ಮೊದಲ ಪುಸ್ತಕ ಸರಿ ಬರದಿದ್ದರೆ ಓದುವವರೇ ಕೈತಪ್ಪಿ ಹೋಗುತ್ತಾರೆ. ಆ ಓದುವವರು ಸ್ವಂತ ಹೆಂಡತಿಯೇ ಆಗಿದ್ದರಂತೂ ಓದು ಹೋದರೂ ಅದರ ಮೇಲಿನ ಟೀಕೆ ಆಯುಷ್ಯವಿಡೀ ಮನೆಯಲ್ಲಿ ಉಳಿಯುತ್ತದೆ.

ನನ್ನ ಚಟವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಸೇಲಂನ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬೀದಿಯಲ್ಲಿ ಎಲ್ಲರೂ ಮಗ್ಗಕ್ಕೆ ಇಳಿದರೆ ನಾನೊಬ್ಬ ಹೇಗೋ ತಪ್ಪಿಸಿಕೊಂಡು ಕಚೇರಿಯ ಕುರ್ಚಿ ಹಿಡಿದೆ. ಕನ್ನಡ ಅಕ್ಷರವನ್ನು ಮೀಸೆ ಬಂದ ಮೇಲೆ ನಾನೇ ಕಲಿತೆ. ಇಂಗ್ಲಿಷೂ ಸೇರಿ ಮೂರು ಭಾಷೆ ಬಂದದ್ದರಿಂದ ನನಗಾದ ಲಾಭ ಒಂದೇ. ಮಾಂತ್ರಿಕರು, ಮಾತಾಡುವ ಮರಗಳು, ಬೆಂಕಿ ಉಗುಳುವ ಡ್ರ್ಯಾಗನ್‌ಗಳು ಯಾವ ಭಾಷೆಯಲ್ಲಿ ಬಂದರೂ ಬಿಡದೆ ಓದುತ್ತೇನೆ. ಬಟ್ಟೆ ಇಡಬೇಕಾದ ಬೀರುವಿನಲ್ಲಿ ಅವೇ ತುಂಬಿವೆ, ನನ್ನ ಅಂಗಿಗಳು ಮೊಳೆಗೆ ನೇತಾಡುತ್ತವೆ. ಐವತ್ತು ದಾಟಿದ ಗಂಡಸಿಗೆ ಇದು ಶೋಭೆಯೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅದನ್ನು ದಿನಾ ಕೇಳುತ್ತಾರೆ.

ಕೇಳುವವಳು ನನ್ನ ಹೆಂಡತಿ ಸೌಡೇಶ್ವರಿ, ಅಂದರೆ ಸೌಡಿ. ಬೀದಿಯಲ್ಲೇ ಹೆಸರಾದ ನೇಯ್ಗೆ ಅವಳದು. ಮದುವೆಯಾದ ಹೊಸತರಲ್ಲಿ ಇಬ್ಬರೂ ಪಕ್ಕದ ಏರ್ಕಾಡು ಬೆಟ್ಟಕ್ಕೆ ಹೋಗಿದ್ದೆವು. ತಿರುವಿನಲ್ಲಿ ಬಸ್ಸು ನಿಂತಿತ್ತು, ಕಾಫಿ ತೋಟದ ಮೇಲೆ ಮಂಜು ಇಳಿಯುತ್ತಿತ್ತು. ನಾನು ಉದ್ವೇಗದಿಂದ ಅವಳ ಕೈ ಹಿಡಿದು, "ಸೌಡಿ, ಈ ಮಂಜಿನ ಒಳಗಿಂದ ಈಗೊಂದು ಡ್ರ್ಯಾಗನ್ ತಲೆ ಎತ್ತಿದರೆ ಎಂಗಿರ್ತೈತೆ?" ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, "ಮೊದ್ಲು ಕಿವಿಗೆ ಮಫ್ಲರ್ ಕಟ್ಕೊಳಿ" ಅಂದಳು. ಅಂದಿನಿಂದ ನನ್ನ ಡ್ರ್ಯಾಗನ್‌ಗಳು ನನ್ನವಾಗಿಯೇ ಉಳಿದವು. ಕಚೇರಿಯಲ್ಲಿ ಈ ಹುಚ್ಚಿನವನೇ ಇನ್ನೊಬ್ಬನಿದ್ದ. ಅವನಿಗೆ ವರ್ಗವಾದ ಮೇಲೆ ಓದಿದ್ದನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ನಾನು ನಿಜವಾಗಿಯೂ ಒಂಟಿಯಾಗಿದ್ದೆ. ಒಳ್ಳೆಯ ಪುಸ್ತಕ ಮುಗಿಸಿ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂಬುದು ಓದುವವರಿಗೇ ಗೊತ್ತು.

ಹೀಗಿರುವಾಗ ಸೌಡಿ ನೀರಿನ ಕೊಡ ಎತ್ತಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡಳು. ಡಾಕ್ಟರು ಪಟ್ಟಿ ಸುತ್ತಿ, ಕೈ ಸರಿಯಾಗುವವರೆಗೆ ಮಗ್ಗದ ಕಡೆ ತಲೆ ಹಾಕಬಾರದು ಎಂದುಬಿಟ್ಟರು. ಎರಡು ದಿನ ಟಿವಿ ನೋಡಿದಳು. ಮೂರನೆಯ ದಿನ ನಾನು ಊಟಕ್ಕೆ ಕೂತಿದ್ದಾಗ, "ಏನ್ರೀ, ನಿಮ್ಮ ಬೀರೂಲಿ ಆ ಭೂತ ಪಿಶಾಚಿ ಬುಕ್ಕು ಐತಲ್ಲ, ಅದ್ರಲ್ಲಿ ನಂಗೂ ಒಂದು ಕೊಡಿ. ಸುಮ್ಮಾ ಕೂತು ಕೂತು ಪೈತ್ಯ ಹಿಡೀತೈತೆ" ಅಂದಳು. ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಇಷ್ಟು ವರ್ಷ ಕಾದ ಮಾತು ಸಾರು ಬಡಿಸುವ ಹೊತ್ತಿನಲ್ಲಿ ಬಂದಿತ್ತು. ಈ ಒಂದು ಪುಸ್ತಕ ಗೆದ್ದರೆ ನನಗೆ ಮನೆಯಲ್ಲೇ ಜೊತೆ ಸಿಗುತ್ತದೆ, ಸೋತರೆ ಇನ್ನೊಂದು ಸಲ ಅವಳು ಕೇಳುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಬೀರು ತೆರೆದು ಕೂತೆ. ಸೌಡಿಗೆ ಓದಲು ಬರುವುದು ತಮಿಳು, ಆದ್ದರಿಂದ ತಮಿಳಿಗೆ ಬಂದ ಹಳೆಯ ಕ್ಲಾಸಿಕ್‌ಗಳನ್ನು ಬೇರೆ ಇಟ್ಟೆ. ಒಂದರಲ್ಲಿ ಕಥೆಗೆ ಮುಂಚೆ ರಾಜವಂಶದ ಪಟ್ಟಿಯೇ ಬೇಕಾದಷ್ಟಿತ್ತು. ನಮ್ಮ ಮನೆ ಕಡೆಯ ನೆಂಟರನ್ನೇ ಅವಳು ನೆನಪಿಟ್ಟುಕೊಂಡು ಸುಸ್ತಾಗಿದ್ದಾಳೆ, ಇನ್ನು ಈ ರಾಜರೇಕೆ ಎಂದು ತೆಗೆದಿಟ್ಟೆ. ಇನ್ನೊಂದರಲ್ಲಿ ಮಾಟಗಾತಿಗೆ ಅತ್ತೆಯ ಲಕ್ಷಣವಿತ್ತು. ಅದನ್ನು ನಾನಾಗಿ ಕೊಟ್ಟರೆ ಅರ್ಥ ಬೇರೆಯಾಗುತ್ತದೆ. ಧರ್ಮಪುರಿಯಲ್ಲಿ ನರ್ಸಿಂಗ್ ಓದುತ್ತಿರುವ ಮಗಳಿಗೆ ಫೋನ್ ಮಾಡಿ ಸಲಹೆ ಕೇಳಿದೆ. ಅವಳು ತೊಪ್ಪೂರು ಘಾಟಿನಲ್ಲಿ ಬಸ್ಸಿನೊಳಗಿದ್ದಳು. "ಅಪ್ಪಾ, ಅಮ್ಮಾವುಕ್ಕು ಡ್ರ್ಯಾಗನ್ ಎಲ್ಲಾಂ ವೇಂಡಾಂ, ಸಮೈಯಲ್ ಬುಕ್ ಕುಡು" ಎಂದು ತಮಿಳಿನಲ್ಲೇ ಹೇಳಿದಳು. ಅಮ್ಮನಿಗೆ ಅಡುಗೆ ಪುಸ್ತಕ ಕೊಡು ಎಂಬ ಆ ಮಾತಿಗೆ ನಾನು ಉತ್ತರ ಹುಡುಕುವಷ್ಟರಲ್ಲಿ ಘಾಟಿನ ಕೃಪೆಯಿಂದ ಫೋನ್ ಕಡಿದುಹೋಯಿತು.

ಕೊನೆಗೆ ಸಮುದ್ರದ ತಳದಲ್ಲಿ ಪಟ್ಟಣವಿರುವ ಒಂದು ಕಥೆಯನ್ನು ಆರಿಸಿ, ಧೂಳು ಒರೆಸಿ, ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಕೊಟ್ಟೆ. ಸೌಡಿ ಪುಸ್ತಕವನ್ನು ದಿಂಬಿನ ಮೇಲೆ ಒರಗಿಸಿ, ಎಡಗೈಯಲ್ಲಿ ಹಿಂದಿನ ರಟ್ಟು ತೆಗೆದು, ಕೊನೆಯ ಅಧ್ಯಾಯ ಓದತೊಡಗಿದಳು. ನಾನು ಕಿರುಚಿಕೊಳ್ಳುವುದೊಂದು ಬಾಕಿ. "ಲೇ, ಮೊದಲಿಂದ ಓದೇ!" ಅಂದರೆ, "ಇರಿ, ಮುಂದಾನಿ ನೋಡ್ತೀನಿ" ಅಂದಳು. ಸೀರೆಯ ಸೆರಗಿಗೆ ನಮ್ಮಲ್ಲಿ ಮುಂದಾನಿ ಎನ್ನುತ್ತಾರೆ. ಓದಿ ಮುಗಿಸಿ ಮೂಗು ಮುರಿದಳು. "ಪಟ್ಟಣಾನೇ ಮುಳುಗೋಗ್ತೈತೆ. ಮುಂದಾನಿ ಚೆನ್ನಾಗಿಲ್ಲ, ಬೇರೆ ತೋರ್ಸಿ" ಎಂದು ಪುಸ್ತಕ ವಾಪಸು ಕೊಟ್ಟಳು.

ಅವಳ ತಪ್ಪಲ್ಲ. ನಮ್ಮ ಬೀದಿಯಲ್ಲಿ ಹುಟ್ಟಿದ ಯಾವ ಹೆಂಗಸೂ ಸೀರೆಯ ಒಡಲು ನೋಡಿ ಬೆಲೆ ಕೇಳಿದ್ದನ್ನು ನಾನು ಕಾಣೆ. ಸೀರೆ ಕೈಗೆ ಬಂದರೆ ಮಡಿಕೆ ಬಿಡಿಸಿ ಮೊದಲು ನೋಡುವುದೇ ಸೆರಗನ್ನು. ನೇಯುವವರ ಕೈ ಚಳಕವೆಲ್ಲ ಇರುವುದು ಅಲ್ಲೇ. ಉಳಿದದ್ದೆಲ್ಲ ಹೇಗೂ ಕೊಸವದೊಳಗೆ, ಅಂದರೆ ನೆರಿಗೆಯೊಳಗೆ ಹೋಗುವಂಥದ್ದು. ಆ ಲೆಕ್ಕದಲ್ಲಿ ನನ್ನ ಕ್ಲಾಸಿಕ್‌ಗಳೆಲ್ಲ ಸೆರಗಿನ ಪರೀಕ್ಷೆಗೆ ನಿಂತವು. ಕೂತು ನೋಡಿದರೆ ಹೆಚ್ಚಿನವುಗಳಲ್ಲಿ ನಾಯಕ ಕೊನೆಗೆ ಸತ್ತಿರುತ್ತಾನೆ, ಇಲ್ಲವೇ ಹೆಂಡತಿಯನ್ನು ಬಿಟ್ಟು ಹಡಗು ಹತ್ತಿರುತ್ತಾನೆ. ಎರಡೂ ಸೌಡಿಯ ಮುಂದೆ ಇಡುವಂಥವಲ್ಲ.

ಹುಡುಕಿ ಹುಡುಕಿ ಸುಖಾಂತವಿರುವ ಒಂದನ್ನು ತಂದುಕೊಟ್ಟೆ. ಯುದ್ಧ ಗೆದ್ದು, ಶಾಪ ಕಳೆದು, ಪಟ್ಟಾಭಿಷೇಕ, ಮದುವೆ, ಊರಿಗೆಲ್ಲ ಊಟ. ಸೌಡಿ ಅದರ ಸೆರಗನ್ನು ಬಿಡದೆ ಓದಿದಳು. ಮುಖ ಅರಳಿತು. ಪುಸ್ತಕ ಮುಚ್ಚಿ, "ರೊಂಬ ಚೆನ್ನಾಗೈತೆ. ಎಲ್ರೂ ಸುಖವಾಗವ್ರೆ. ಇನ್ನು ಓದಾಕೆ ಏನೈತೆ?" ಎಂದು ಅದನ್ನೂ ಕೊಟ್ಟಳು. ಕೊನೆ ಕೆಟ್ಟದಾದರೆ ಪುಸ್ತಕ ಬೇಡ, ಒಳ್ಳೆಯದಾದರೆ ಪುಸ್ತಕ ಮುಗಿಯಿತು. ಇಂಥ ಓದುಗರಿಗೆ ಯಾವ ಪುಸ್ತಕ ಆರಿಸುವುದು? ಅವಳ ಕೈಪಟ್ಟಿ ಬಿಚ್ಚುವ ದಿನ ಹತ್ತಿರವಾಗುತ್ತಿತ್ತು. ಮಗ್ಗಕ್ಕೆ ಇಳಿದಳೆಂದರೆ ಇನ್ನು ಕಥೆಯ ಮಾತೇ ಇಲ್ಲ.

ಆಗ ನನಗೆ ಆ ದಿವ್ಯ ಉಪಾಯ ಹೊಳೆಯಿತು. ಹೆಸರೇ ಇಲ್ಲದ ಒಂದು ಊರು, ಪಕ್ಕದ ಬೆಟ್ಟದಲ್ಲಿ ನಿದ್ದೆ ಬಾರದೆ ರೊಚ್ಚಿಗೆದ್ದ ಡ್ರ್ಯಾಗನ್, ಊರು ಉಳಿಸಲು ತನ್ನ ನಿದ್ದೆಯನ್ನೇ ಅದಕ್ಕೆ ಕೊಟ್ಟುಬಿಟ್ಟ ಒಬ್ಬ ಹುಡುಗಿ, ಇಷ್ಟಿರುವ ಕಥೆಯೊಂದು ನನ್ನ ಪ್ರಾಣ. ಅದನ್ನು ತೆಗೆದು, ಕೊನೆಯ ಅಧ್ಯಾಯವನ್ನು ದಬ್ಬಣ ಹಾಕಿ ನೂಲಿನಿಂದ ಹೊಲಿದೆ. ಹೊಲಿಗೆಯ ಮೇಲೆ ನನಗೇ ನಂಬಿಕೆ ಬರಲಿಲ್ಲ. ಪಕ್ಕದ ಮನೆಯಲ್ಲಿ ಮಗ್ಗದ ನೂಲಿಗೆ ಹಾಕಲು ಗಂಜಿ ಕಾಯಿಸಿಟ್ಟಿದ್ದರು. ಒಂದು ಲೋಟ ಕೇಳಿ ತಂದು ಹಾಳೆಗಳ ಅಂಚಿಗೆಲ್ಲ ಧಾರಾಳವಾಗಿ ಬಳಿದು, ಮೇಲೆ ಒರಳುಕಲ್ಲಿನ ಗುಂಡು ಇಟ್ಟು ಒಣಗಿಸಿದೆ.

ಪುಸ್ತಕ ನೋಡಿದ ಸೌಡಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದ್ಯಾರು ಓಲ್ದಿದ್ದು? ಮೂಟೆಗೆ ಹಾಕೋ ಓಲ್ಗೆ ಇದಕ್ಕಿಂತ ಚೆಂದ ಇರ್ತೈತೆ!" ನಾನೇ ಎಂದೆ. ಅವಳು ನಗು ನಿಲ್ಲಿಸಿದಳು. ಮಗ್ಗದ ಮನೆಗಳಲ್ಲಿ ಒಬ್ಬರು ಹಾಕಿದ ಗಂಟನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅತ್ತೆಯ ಮಗ್ಗದ ನೂಲು ಹರಿದರೆ ಸೊಸೆಯೂ ಕೈ ಹಾಕಳು, ಕರೆದು ತೋರಿಸುತ್ತಾಳೆ ಅಷ್ಟೇ. ಈ ನಿಯಮ ನನ್ನಂಥ ಕುರ್ಚಿಯವನ ಗಂಟಿಗೂ ಅನ್ವಯಿಸುತ್ತದೆಂದು ನಾನು ಎಣಿಸಿರಲಿಲ್ಲ. ಸೌಡಿ ನಿಟ್ಟುಸಿರು ಬಿಟ್ಟು, ಬೇರೆ ದಾರಿಯಿಲ್ಲದೆ ಮೊದಲ ಪುಟ ತೆರೆದಳು.

ಮರುದಿನ ಕಚೇರಿಯಿಂದ ಬಂದಾಗ ಕಾಫಿ ಆಗಿರಲಿಲ್ಲ. ಬೇರೆ ಗಂಡಸರು ರೇಗುತ್ತಿದ್ದರೇನೋ, ನನಗೆ ಕುಣಿಯಬೇಕೆನ್ನಿಸಿತು. "ಆ ಉಡುಗಿ ಪಾಪ ಕಣ್ರೀ" ಎಂದು ಅವಳು ತಲೆ ಎತ್ತದೆ ಹೇಳಿದಾಗ ನನ್ನ ಕಣ್ಣಲ್ಲಿ ನೀರೇ ಬಂತು. ನಾನೇ ಕಾಫಿ ಕಾಯಿಸಿ ಕೊಟ್ಟೆ. ಸಕ್ಕರೆ ಮರೆತಿದ್ದೆ, ಅವಳು ಅದನ್ನು ಗಮನಿಸದೆ ಕುಡಿದಳು. ಇಪ್ಪತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅಂಥದ್ದು ಅದೇ ಮೊದಲು.

ಇನ್ನೆರಡು ದಿನ ಕಳೆದು ಮಧ್ಯಾಹ್ನ ಕಚೇರಿಗೆ ಫೋನ್ ಬಂತು. "ಓಲ್ಗೆ ಹತ್ರ ಬಂದೀನಿ. ಆ ಉಡುಗಿ ಬೆಟ್ಟ ಅತ್ತವಳೆ. ಸೀಕ್ಕಿರಂ, ಬೇಗ ಬಂದು ಬಿಚ್ಕೊಡಿ." ಸಂಜೆ ಬರುತ್ತೇನೆಂದರೆ, "ಸಂಜೆ ಗಂಟ ಅವಳು ಬೆಟ್ಟದ ಮೇಲೇ ನಿಂತಿರ್ಬೇಕಾ?" ಅಂದಳು. ಸಾಹೇಬರ ಮುಂದೆ ನಿಂತು ಅರ್ಧ ದಿನ ರಜೆ ಕೇಳಿದೆ. ಕಾರಣ ಕೇಳಿದರು. "ಮನೆಯಲ್ಲಿ ಒಂದು ಗಂಟು ಬಿಚ್ಚುವುದಿದೆ ಸಾರ್" ಎಂದೆ. ಅವರು ಏನು ತಿಳಿದುಕೊಂಡರೋ, ಆಸ್ಪತ್ರೆಗೆ ಜೊತೆಗೆ ಯಾರಾದರೂ ಬರಬೇಕೇ ಎಂದು ಬಹಳ ಮೃದುವಾಗಿ ಕೇಳಿದರು.

ಟೌನ್ ಬಸ್ಸು ಹಿಡಿದು ಬೆವರುತ್ತ ಬಂದು, ಬ್ಲೇಡಿನಿಂದ ಹೊಲಿಗೆ ಕುಯ್ದೆ. ನೂಲೇನೋ ಬಂತು, ಹಾಳೆ ಬರಲಿಲ್ಲ. ನೇಕಾರರ ಗಂಜಿ ಎಂದರೆ ಸಾಮಾನ್ಯವಲ್ಲ. ಹಾಳೆಯ ಅಂಚಿಗೆ ಬಳಿದದ್ದು ಗುಂಡಿನ ಭಾರಕ್ಕೆ ಒಳಗೆಲ್ಲ ಹರಿದು, ಕೊನೆಯ ಅಧ್ಯಾಯವಿಡೀ ಒಂದೇ ಹಲಗೆಯಾಗಿತ್ತು. ಬಿಡಿಸಲು ಹೋದರೆ ಅಕ್ಷರ ಒಂದು ಕಡೆ, ಕಾಗದ ಒಂದು ಕಡೆ. ನೀರು ಹಚ್ಚಿದೆ, ಮುದ್ದೆಯಾಯಿತು. ನನ್ನ ಪ್ರಾಣದಂಥ ಪುಸ್ತಕವನ್ನು ನನ್ನ ಕೈಯಾರೆ ಕೊಂದಿದ್ದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಕಷ್ಟಪಟ್ಟು ಸಿಕ್ಕ ಓದುಗಾರ್ತಿಯನ್ನು ಬೆಟ್ಟದ ಮೇಲೆ ಕೈಬಿಟ್ಟಿದ್ದೆ.

ಸೌಡಿ ಮುದ್ದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. "ಓಗ್ಲಿ ಬಿಡಿ. ನೀವು ಓದೀರಲ್ಲ, ಯೋಳಿ, ಆಮೇಲೆ ಏನಾಯ್ತು?" ಎಂದು ಕಾಲು ಮಡಚಿ ಎದುರು ಕೂತಳು. ಜೀವಮಾನವಿಡೀ ಬಯಸಿದ ಗಳಿಗೆ ಅದು. ನಾನು ಗಂಟಲು ಸರಿಮಾಡಿಕೊಂಡು, ಹುಡುಗಿ ಡ್ರ್ಯಾಗನ್ ಪಕ್ಕದಲ್ಲಿ ಕೂತು ಊರಿಗಾಗಿ ಎಂದೆಂದಿಗೂ ಎಚ್ಚರವಾಗಿಯೇ ಉಳಿಯುವ ಆ ಮಹಾನ್ ತ್ಯಾಗವನ್ನು ಆದಷ್ಟು ಗಂಭೀರವಾಗಿ ಹೇಳತೊಡಗಿದೆ. ನಾಲ್ಕು ವಾಕ್ಯ ಆಗಿರಬೇಕು.

"ಥೂ, ಅಂಗಾಗಾಕಿಲ್ಲ" ಅಂದಳು. "ಊರು ತುಂಬಾ ಜನ ಗೊರಕೆ ಒಡೀತಾ ಇರೋವಾಗ ಅವಳೊಬ್ಳೇ ಯಾಕೆ ಎದ್ದಿರ್ಬೇಕು? ನಮ್ಮ ಬೀದೀಲಿ ನೂಲು ಹಾಸಾಕೆ ಮನೆಗೊಂದು ದಿನ ಅಂತ ಸರದಿ ಇಲ್ವಾ? ಅಂಗೇ ದಿನಕ್ಕೊಂದು ಮನೆಯೋರು ಅದಕ್ಕೆ ನಿದ್ದೆ ಕೊಡ್ಬೇಕು. ಆ ಉಡುಗಿ ಅವತ್ತೇ ಇಳಿದು ಬಂದು ಮನೇಲಿ ಕಂಬಳಿ ಒದ್ಕೊಂಡು ಮಲಗ್ತಾಳೆ. ಸರದಿ ಕೊಡಾಕಿಲ್ಲ ಅಂತ ಗೌಡ ಜಗಳಕ್ಕೆ ಬರ್ತಾನೆ, ನೋಡಿ ಬೇಕಾದ್ರೆ" ಎಂದು ಅಲ್ಲಿಂದ ಅವಳೇ ಕಥೆ ಹಿಡಿದಳು. ಆ ಊರಿಗೆ ಗೌಡನೊಬ್ಬ ಇದ್ದಾನೆಂಬುದೇ ನನಗೆ ಗೊತ್ತಿರಲಿಲ್ಲ. ನಡುವೆ ಒಮ್ಮೆ ಬಾಯಿ ಹಾಕಲು ಹೋದೆ. "ನೀವು ಊಂ ಅನ್ನಿ" ಅಂದಳು. ನಮ್ಮ ಕಡೆ ಕಥೆ ಹೇಳುವವರ ಎದುರು ಕೂತವರು ಊಂ ಅನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಕಥೆ ನಿಂತುಹೋಗುತ್ತದೆ. ಅದು ನಿಲ್ಲುವುದು ನನಗೂ ಬೇಡವಾಗಿತ್ತು. ಕತ್ತಲಾಗಿ ದೀಪ ಹಚ್ಚುವವರೆಗೂ ಗೌಡನ ಜಗಳ ನಡೆಯಿತು.

ಈಗ ಸೌಡಿಯ ಕೈ ಸರಿಯಾಗಿದೆ, ಮಗ್ಗ ನಡೆಯುತ್ತಿದೆ, ಓದೂ ನಡೆಯುತ್ತಿದೆ. ಯಾವ ಪುಸ್ತಕ ಕೊಡಲಿ ಎಂದು ನಾನು ತಲೆ ಕೆಡಿಸಿಕೊಂಡರೆ, "ಯಾವ್ದಾದ್ರೂ ಸರಿ, ಕೊನೇದು ಅಂಟ್ಸಿ ಕೊಡಿ. ಬರ್ದೋರಿಗೆ ಮುಗ್ಸಾಕೆ ಬರಾಕಿಲ್ಲ" ಅನ್ನುತ್ತಾಳೆ. ಹೀಗಾಗಿ ಜಗತ್ತಿನ ಹೆಸರಾಂತ ಮಾಂತ್ರಿಕರೆಲ್ಲ ನನ್ನ ಕೈಯಿಂದಲೇ ಗಂಜಿ ಬಳಿಸಿಕೊಳ್ಳುತ್ತಿದ್ದಾರೆ. ಕಳೆದ ಭಾನುವಾರ ಜಗಲಿಯ ಮೇಲೆ ಕೂತು ಒಂದು ಮಹಾಕಾವ್ಯದಂಥ ಪುಸ್ತಕದ ಕೊನೆಯ ಹಾಳೆಗಳಿಗೆ ಬಳಿಯುತ್ತಿದ್ದೆ. ಒಳಗಿಂದ ಸೌಡಿ ಕೂಗಿದಳು: "ಗಂಜಿ ವಸಿ ಗಟ್ಟಿಯಾಗಿ ಆಕಿ. ಕಳೆದ ಸಾರಿ ಒಂದು ಹಾಳೆ ಬಿಟ್ಕೊಂಡು, ಅವರು ಬರ್ದಿದ್ದನ್ನೇ ಓದೋ ಅಂಗಾಯ್ತು."

ನಾನು ಊಂ ಅಂದೆ.