ದ್ವೀಪದ ಕತೆಗೆ ನಾನು ಹಾಕಿದ ಕೆಂಪು ಟವಲು

ಮೊದಲು ಒಂದು ಒಗಟು ಬಿಡಿಸಿ. ಹೆಗಲ ಮೇಲಿದ್ದರೆ ಆಳು, ಸೀಟಿನ ಮೇಲಿದ್ದರೆ ಯಜಮಾನ, ನೆಲಕ್ಕೆ ಬಿದ್ದರೆ ಊರೇ ಕಾಡು. ಏನದು?

ಗೊತ್ತಾಗಲ್ಲ ಬಿಡಿ. ನಮ್ಮ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿಂತು ಕಾಲು ಸವೆದವನಿಗೆ ಮಾತ್ರ ಗೊತ್ತಾಗುವಂಥದ್ದು. ಅಲ್ಲಿ ಇಂಥ ತಮಾಷೆಗಳು ದಿನಾ ನಡೆಯುತ್ತವೆ, ಅರ್ಧ ನಾನು ಮಾಡಿದವು, ಇನ್ನರ್ಧ ತಾವಾಗೇ ಆದವು.

ಸಂಕೇತ ಅಂದರೆ

ಪಿಯುಸಿ ಇಂಗ್ಲಿಷಿನಲ್ಲಿ ನಾನು ಡುಮ್ಕಿ ಹೊಡೆದಿದ್ದೆ. ಅಪ್ಪ ಜಾಸ್ತಿ ಬೈಯಲಿಲ್ಲ. "ಈ ಸಲನೂ ಪಾಸಾಗ್ನಿಲ್ಲ ಅಂದ್ರೆ ಕಾಲೇಜ್ ಆಸೆ ಬುಟ್ಬುಡು. ಹೊಗೆಸೊಪ್ಪಿನ ಬ್ಯಾರನ್ ಒಲೆ ಮುಂದೆ ಕುಂತ್ಕಂಡು ಸೌದೆ ಆಕು" ಅಂದರು, ಅಷ್ಟೇ. ಹೊಗೆಸೊಪ್ಪು ಒಣಗಿಸುವ ಆ ಬ್ಯಾರನ್ ಮನೆಯ ಶಾಖ ನನಗೆ ಗೊತ್ತು. ಮಾರನೇ ದಿನವೇ ಹೋಗಿ ಟ್ಯುಟೋರಿಯಲ್ ಸೇರಿದೆ.

ಅಲ್ಲಿನ ಇಂಗ್ಲಿಷ್ ಮೇಷ್ಟ್ರು ಒಂದು ಹಳೇ ಕಾದಂಬರಿ ಪಾಠ ಮಾಡುತ್ತಿದ್ದರು. ಒಳ್ಳೇ ಮನೆತನದವರು ಒಂದಷ್ಟು ಜನ ದ್ವೀಪದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಮೊದಲು ಬಲು ಮರ್ಯಾದಸ್ಥರು. ಬರಬರುತ್ತಾ ನಾಗರಿಕತೆ ಎಲ್ಲ ಕಳಚಿಬಿದ್ದು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

"ಇದ್ರಲ್ಲಿ ಸಂಕೇತಗಳು ಬರ್ತವೆ. ನೋಡೋಕೆ ಬರೀ ವಸ್ತು, ಆದ್ರೆ ಎಲ್ರೂ ಅದಕ್ಕೆ ತಲೆಬಾಗ್ತಾರೆ. ಎಲ್ಲಿ, ನಮ್ಮೂರಿಂದ ಒಂದು ಉದಾಹರಣೆ ಕೊಡಿ" ಅಂದರು ಮೇಷ್ಟ್ರು.

ನಾನು ಎದ್ದೆ. "ಬಸ್ ಸೀಟಿನ ಮೇಲಿನ ಟವಲು, ಸಾರ್. ಕಿಟಕಿಯಿಂದ ಎಸೆದ್ರೆ ಆಯ್ತು, ಸೀಟು ನಮ್ದು. ಪೈಲ್ವಾನ್ ಬಂದ್ರೂ ಅದ್ರ ಮೇಲೆ ಕೂರಲ್ಲ."

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇಷ್ಟು ಬುದ್ಧಿ ಇಟ್ಕಂಡು ಯಾಕ್ಲಾ ಫೇಲಾದೆ?"

"ಎಗ್ಸಾಮಲ್ಲಿ ಟವಲಿನ ಬಗ್ಗೆ ಕೇಳ್ನಿಲ್ಲ ಸಾರ್."

ಪರೀಕ್ಷೆ ಮಾಡಿ ನೋಡಿದ್ದು

ಟವಲಿನ ಶಕ್ತಿ ಎಷ್ಟು ಅಂತ ನೋಡೋಣ ಅನ್ನಿಸಿತು. ಹುಣಸೂರಿನ ಬಸ್ಸು ನಿಂತಿತ್ತು, ಡ್ರೈವರ್ ಟೀ ಕುಡಿಯಲು ಹೋಗಿದ್ದ. ನನ್ನ ಟವಲು ತೆಗೆದು ಡ್ರೈವರ್ ಸೀಟಿನ ಮೇಲೆ ಹಾಸಿ, ಏನೂ ಅರಿಯದವನಂತೆ ಹಿಂದೆ ಹೋಗಿ ಕೂತೆ.

ಡ್ರೈವರ್ ಬಂದ. ಟವಲು ನೋಡಿದ. "ಯಾರ್ಲಾ ಇದು?" ಅಂತ ಕೂಗಿದ. ಕೂಗಿದನೇ ಹೊರತು ಟವಲು ಮುಟ್ಟಲಿಲ್ಲ!

ಮುಂದಿನ ಸೀಟಿನಲ್ಲಿ, ದಿನಾ ಹುಣಸೂರಿಗೆ ಸೊಪ್ಪು ಮಾರಲು ಹೋಗುವ ಅಜ್ಜಿ ಕೂತಿತ್ತು. "ಯಾರೋ ಸೀಟ್ ಇಡ್ಕಂಡವ್ರೆ ಕಣಪ್ಪ. ನೀನು ಇಂದ್ಕೋಗು, ಜಾಗ ಐತೆ" ಅಂತು.

"ಅಜ್ಜೀ, ನಾನು ಡ್ರೈವರ್ ಕಣಜ್ಜಿ!"

"ಆದ್ರೇನಪ್ಪಾ? ಮೊದ್ಲೇ ಬಂದು ಟವಲ್ ಆಕ್ಬೇಕಿತ್ತು."

ಮೇಷ್ಟ್ರು ಅರ್ಧ ಒಳಗೆ

ಗೌರಿ ಹಬ್ಬದ ಹಿಂದಿನ ದಿನ. ಸ್ಟ್ಯಾಂಡು ತುಂಬಾ ಜನ, ಇದ್ದದ್ದು ಒಂದೇ ಬಸ್ಸು. ಕಿಟಕಿಗಳಿಂದ ಟವಲುಗಳು ಹಾರಿ ಎಲ್ಲಾ ಸೀಟೂ ತುಂಬಿದ್ದವು. ಆಗ ಹೂವಿನ ಬುಟ್ಟಿ ಹಿಡಿದಿದ್ದ, ನೋಡಲು ಸಾಧುವಿನಂತಿದ್ದವನೊಬ್ಬ ಒಂದು ಟವಲನ್ನು ಎರಡು ಬೆರಳಲ್ಲಿ ಎತ್ತಿ ಕೆಳಗೆ ಬಿಟ್ಟು ಕೂತುಬಿಟ್ಟ. ಒಂದು ಕ್ಷಣ ಬಸ್ಸೆಲ್ಲಾ ಅವನನ್ನೇ ನೋಡಿತು. ಸಿಡಿಲೇನೂ ಬೀಳಲಿಲ್ಲ. ಒಂದು ಟವಲು ನೆಲಕ್ಕೆ ಬಿದ್ದ ಮೇಲೆ ಉಳಿದವೆಲ್ಲ ಬರೀ ಬಟ್ಟೆ. ಅಣ್ಣಾ, ಯಜಮಾನ್ರೇ ಅನ್ನುತ್ತಿದ್ದವರೆಲ್ಲ ಮೊಣಕೈಯಲ್ಲೇ ಮಾತಾಡತೊಡಗಿದರು.

ಅಷ್ಟರಲ್ಲಿ ಹೊರಗೆ ನಿಂತಿದ್ದ ನನಗೆ ಕಂಬಿ ಕಿತ್ತುಹೋದ ಹಿಂದಿನ ಕಿಟಕಿಯಲ್ಲಿ ಎರಡು ಕಾಲು ಕಂಡವು. ಪ್ಯಾಂಟು ಗುರುತು ಸಿಕ್ಕಿತು, ನಮ್ಮ ಇಂಗ್ಲಿಷ್ ಮೇಷ್ಟ್ರು! ಸೊಂಟದ ತನಕ ಒಳಗೆ, ಉಳಿದದ್ದು ಹೊರಗೆ.

"ಸಾರ್, ಇದು ಯಾವುದರ ಸಂಕೇತ?" ಅಂತ ಕೇಳಿದೆ.

ಒಳಗಿನಿಂದ ದನಿ ಬಂತು: "ಮೊದ್ಲು ತಳ್ಳಲಾ! ನೋಟ್ಸ್ ಆಮೇಲೆ ಬರೆಸ್ತೀನಿ!"

ಗುರುಸೇವೆ ಅಂತ ತಳ್ಳಿದೆ. ಬಸ್ಸಿನೊಳಗೆ ಬಿದ್ದವರು ಕಾಲು ಉಳುಕಿಸಿಕೊಂಡು ಪರೀಕ್ಷೆವರೆಗೂ ಮನೆಯಲ್ಲಿ ಮಲಗಿಬಿಟ್ಟರು. ಕಾದಂಬರಿಯ ಕೊನೇ ಅಧ್ಯಾಯ ಪಾಠವೇ ಆಗಲಿಲ್ಲ.

ದ್ವೀಪದ ಕೊನೆ

ಪರೀಕ್ಷೆ ಹುಣಸೂರಿನಲ್ಲಿ. ದ್ವೀಪದವರು ಕೊನೆಗೆ ಏನಾದರು ಅಂತ ನನಗೆ ಗೊತ್ತಿಲ್ಲ. ಗೈಡು ಓದುವಷ್ಟು ಶ್ರದ್ಧೆ ಇದ್ದಿದ್ದರೆ ಟ್ಯುಟೋರಿಯಲ್ಲಿಗೇಕೆ ಹೋಗುತ್ತಿದ್ದೆ? ಬ್ಯಾರನ್ ಒಲೆ ಕಣ್ಣ ಮುಂದೆ ಉರಿಯುತ್ತಿತ್ತು.

ಸ್ಟ್ಯಾಂಡಿನಲ್ಲಿ ಸೊಪ್ಪಿನಜ್ಜಿ ತನ್ನ ಕೆಂಪು ಟವಲು ಕೊಟ್ಟು, "ಮಗಾ, ನಂಗೆ ಎಟುಕಲ್ಲ, ಕಿಟಕೀಲಿ ಆಕು" ಅಂತು. ಹಾಕಿದೆ. ಅಜ್ಜಿ ಬುಟ್ಟಿ ಹೊತ್ತು ಹತ್ತುವಷ್ಟರಲ್ಲಿ ಇಸ್ತ್ರಿ ಷರ್ಟಿನ ದಪ್ಪಗಿನ ಆಸಾಮಿ ಆ ಸೀಟಿನಲ್ಲಿ ಕೂತಿದ್ದ. ಟವಲು ಅವನ ಬೂಟಿನ ಕೆಳಗೆ.

ಅಜ್ಜಿ ಬುಟ್ಟಿ ಇಳಿಸಿತು. "ಊಟಕ್ಕೆ ಕುಂತೋರ ಎಲೆ ಎಳ್ಕಂಡು ಉಣ್ತೀಯೇನಪ್ಪಾ? ಅದು ಟವಲಲ್ಲ, ನಾನು ಕುಂತಿದ್ದು. ನೀನು ನನ್ನೇ ತಳ್ಳಿ, ನನ್ ಮ್ಯಾಲೇ ಕಾಲಿಕ್ಕಿದ್ದೀಯ!"

ಆ ಮನುಷ್ಯ ಎದ್ದ. ಟವಲು ಕೊಡವಿ ಸೀಟಿಗೆ ಹಾಸಿದ. ಅವನನ್ನು ನೋಡಿ ಪಕ್ಕದವನೂ ಎದ್ದ, ಯಾರದೋ ಟವಲಿನ ಮೇಲೆ ಅವನೂ ಕೂತಿದ್ದ. ಹಂಗೇ ಒಬ್ಬೊಬ್ಬರಾಗಿ ಎದ್ದರು. "ನೀವ್ ಕೂತ್ಕಳಿ." "ಅಯ್ಯೋ, ಬ್ಯಾಡಿ, ನೀವ್ ಕೂತ್ಕಳಿ." ಸೀಟೆಲ್ಲಾ ಖಾಲಿ ಇಟ್ಟುಕೊಂಡು ಬಸ್ಸಿಗೆ ಬಸ್ಸೇ ಹುಣಸೂರಿನವರೆಗೂ ನಿಂತುಕೊಂಡು ಹೋಯಿತು! ಕೂತಿದ್ದವರು ಇಬ್ಬರೇ, ಡ್ರೈವರ್ರು ಮತ್ತು ಅಜ್ಜಿ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: ಕಾದಂಬರಿಯ ಅಂತ್ಯವನ್ನು ವಿವರಿಸಿ. ನನ್ನ ಹರಕು ಇಂಗ್ಲಿಷಿನಲ್ಲೇ ಬರೆದೆ. ದ್ವೀಪಕ್ಕೆ ಒಬ್ಬಳು ಮುದುಕಿ ಕೆಂಪು ಟವಲು ಹಿಡಿದು ಬಂದಳು, ಬೈದಳು, ಎಲ್ಲರೂ ನಾಚಿ ಮನುಷ್ಯರಾದರು. ಪಾಸಾಗಿಬಿಟ್ಟೆ! ಅಪ್ಪ ಅಂಕಪಟ್ಟಿ ತಿರುಗಿಸಿ ಮುರುಗಿಸಿ ನೋಡಿ, ಒಲೆಗೆ ತಾವೇ ಸೌದೆ ಹಾಕಿದರು.

ಈಗ ನಿಜ ಹೇಳಿಬಿಡುತ್ತೇನೆ. ಅಜ್ಜಿ ಬೈದದ್ದು ನಿಜ. ಯಾರೂ ಏಳಲಿಲ್ಲ. ಆ ಆಸಾಮಿ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ಅಜ್ಜಿ ಧೂಳಿನ ಟವಲನ್ನು ಹೆಗಲಿಗೆ ಹಾಕಿಕೊಂಡು, ನನ್ನ ಭುಜ ಹಿಡಿದು ಹುಣಸೂರಿನವರೆಗೆ ನಿಂತೇ ಬಂತು. ಎದ್ದು ನಿಂತ ಬಸ್ಸು ನಾನು ಕಟ್ಟಿದ ಕತೆ.

ಪೇಪರ್ ತಿದ್ದಿದವರು ಮಾತ್ರ ಪೂರಾ ನಂಬಿದರು. ಪಾಪ, ಯಾವತ್ತೂ ನಮ್ಮ ಬಸ್ಸು ಹತ್ತಿದವರಲ್ಲ ಅಂತ ಕಾಣುತ್ತೆ.