ನನ್ನ ಪ್ರಬಂಧ ಮತ್ತು ಏಳದ ಪಂಕ್ತಿ

ಹದಿನೆಂಟು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದರೂ ನಾನು ವಿಚಾರ ಸಂಕಿರಣಗಳಲ್ಲಿ ಒಂದೇ ಒಂದು ಪ್ರಬಂಧ ಓದಿದವಳಲ್ಲ. ಓದುವವರನ್ನು ಕಂಡು ಹೊಟ್ಟೆ ಉರಿದುಕೊಂಡವಳು. ಹಿಂದಿನ ಸಾಲಿನಲ್ಲಿ ಕುಳಿತು, ಮಾತಾಡುವವರ ತಪ್ಪುಗಳನ್ನು ಪಕ್ಕದವರ ಕಿವಿಯಲ್ಲಿ ಹೇಳಿ, ಊಟದ ಹೊತ್ತಿಗೆ ಎಲ್ಲರಿಗಿಂತ ಮೊದಲು ಎದ್ದು ಬರುವುದೇ ನನ್ನ ಸಂಶೋಧನೆಯಾಗಿತ್ತು. ಹೀಗಿರುವಾಗ ಸಕಲೇಶಪುರದ ನಮ್ಮ ಕಾಲೇಜಿನಲ್ಲೇ ಒಂದು ದಿನದ ಕಂಪ್ಯೂಟರ್ ಸಂಕಿರಣ ಏರ್ಪಾಡಾಯಿತು. ಧೈರ್ಯ ಮಾಡಿ ನಾನೂ ಒಂದು ಪ್ರಬಂಧ ಬರೆದೆ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ನನ್ನ ಸರದಿ ಎಂದು ಕರೆಪತ್ರದಲ್ಲಿ ಅಚ್ಚಾಯಿತು. ಎರಡೂವರೆಯ ಗೋಷ್ಠಿಗೆ ಅಧ್ಯಕ್ಷತೆಯೂ ನನ್ನದೇ. ಆ ಕರೆಪತ್ರವನ್ನು ಬೆಳಗೋಡಿನ ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪ್ರಬಂಧ ಡೆಡ್‌ಲಾಕ್ ಕುರಿತದ್ದು. ಕಂಪ್ಯೂಟರಿನೊಳಗೆ ಒಂದು ಕೆಲಸ ಇನ್ನೊಂದು ಮುಗಿಯಲಿ ಎಂದು ಕಾಯುತ್ತದೆ, ಆ ಇನ್ನೊಂದು ಇದು ಮುಗಿಯಲಿ ಎಂದು ಕಾಯುತ್ತದೆ, ಎರಡೂ ಕಾಯುತ್ತಾ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಇದನ್ನು ಬಿಡಿಸುವುದಕ್ಕೆ ನನ್ನದೇ ಆದ ಒಂದು ಉಪಾಯ ಕೊನೆಯ ಎರಡು ಪುಟದಲ್ಲಿತ್ತು. ಅದನ್ನು ಹೊರಗಿನಿಂದ ಬರುವ ಹಿರಿಯ ಪ್ರೊಫೆಸರರು ಕೇಳಿ ತಲೆದೂಗಬೇಕು, ಅಷ್ಟೇ ನನ್ನ ಆಸೆ.

ಪ್ರಿನ್ಸಿಪಾಲರು ಊಟದ ಉಸ್ತುವಾರಿಯನ್ನೂ ನನಗೇ ಗಂಟುಹಾಕಿದರು. ಅಡುಗೆಗೆ ಹೆಗ್ಗದ್ದೆಯ ತಿಮ್ಮಣ್ಣ ಬಂದ. ನಮ್ಮ ಕಡೆಯ ಮದುವೆಗಳಿಗೆಲ್ಲ ಅವನದೇ ಅಡುಗೆ. ಬಫೆ ಸಾಕು, ಬೇಗ ಮುಗಿಯುತ್ತದೆ ಎಂದೆ. "ತಟ್ಟೆ ಹಿಡ್ಕಂಡು ನಿಂತ್ಕಂಡು ಉಣ್ಣಕ್ಕೆ ಅವರೇನು ಬಸ್ಸಿಗೆ ಕಾಯ್ತಾವ್ರಾ ಮೇಡಂ? ಎಲೆ ಹಾಕಿ ಕೂರ್ಸಿ ಬಡಿಸ್ತೀನಿ, ನೀವು ಸುಮ್ನಿರಿ" ಎಂದ. ಸುಮ್ಮನಾದೆ. ವಿದ್ಯಾರ್ಥಿಗಳಿಗೆ ಮಾತ್ರ, ಹಿರಿಯರು ಏಳುವ ಮುಂಚೆ ಪಂಕ್ತಿಯಿಂದ ಯಾರೂ ಏಳಕೂಡದು, ನಮ್ಮ ಊರಿನ ಮರ್ಯಾದೆ ಉಳಿಸಿ ಎಂದು ಎರಡೆರಡು ಸಲ ಹೇಳಿದ್ದೆ.

ಬೆಳಗಿನ ಗೋಷ್ಠಿ ಚೆನ್ನಾಗಿಯೇ ಆಯಿತು. ಇನ್ನು ಯಂತ್ರಗಳು ಮಾಡದ ಕೆಲಸವೇ ಇರುವುದಿಲ್ಲ ಎಂದು ಪ್ರೊಫೆಸರರು ಹೇಳುತ್ತಿದ್ದಂತೆ ಕರೆಂಟು ಹೋಯಿತು, ಬಂತು. ಮುಂದಿನ ಸಾಲಿನ ಕಾಫಿ ಬೆಳೆಗಾರರೊಬ್ಬರು ಎದ್ದು, "ಮರ ಹತ್ತಿ ಮೆಣಸು ಕೊಯ್ಯೋ ಯಂತ್ರ ಐತಾ ಸಾರ್? ಇದ್ರೆ ನಾಳೆನೇ ಕಳ್ಸಿ" ಎಂದರು. ಪ್ರೊಫೆಸರರು ಸಂಶೋಧನೆ ನಡೆಯುತ್ತಿದೆ ಎಂದರು. ಆಮೇಲೆ ಊಟ.

ಮೊದಲ ಪಂಕ್ತಿಯ ತಲೆಯಲ್ಲಿ ಪ್ರೊಫೆಸರರು, ಪಕ್ಕದಲ್ಲಿ ಪ್ರಿನ್ಸಿಪಾಲರು, ಮುಂದೆ ಅಧ್ಯಾಪಕರು, ವಿದ್ಯಾರ್ಥಿಗಳು. ಕಡುಬು, ಕಾಳಿನ ಗೊಜ್ಜು, ಅನ್ನ, ಸಾರು, ಪಾಯಸ, ಮಜ್ಜಿಗೆ ಎಲ್ಲ ಮುಗಿದಾಗ ಒಂದೂ ಮುಕ್ಕಾಲು. ಯಾರೂ ಏಳಲಿಲ್ಲ. ಮಲೆನಾಡಿನಲ್ಲಿ ಮನೆಯವರು ಹೇಳದೆ ಅತಿಥಿ ಏಳುವುದು ಅವಮಾನ ಎಂದು ಪ್ರಿನ್ಸಿಪಾಲರೇ ಕಾರಿನಲ್ಲಿ ಬರುವಾಗ ಪ್ರೊಫೆಸರರಿಗೆ ತಿಳಿಸಿದ್ದರಂತೆ. ಅದಕ್ಕೆ ಅವರು ಪ್ರಿನ್ಸಿಪಾಲರ ಮುಖ ನೋಡುತ್ತಾ ಕುಳಿತಿದ್ದರು. ತಾವು ಹೇಳಿದ್ದನ್ನು ತಾವೇ ಮರೆತ ಪ್ರಿನ್ಸಿಪಾಲರು, ಅತಿಥಿ ಏಳುವ ಮುಂಚೆ ತಾವು ಹೇಗೆ ಏಳುವುದು ಎಂದು ಅವರ ಎಲೆ ನೋಡುತ್ತಾ ಕುಳಿತಿದ್ದರು. ಅಧ್ಯಾಪಕರು ಪ್ರಿನ್ಸಿಪಾಲರು ಏಳಲಿ ಎಂದು ಕಾಯುತ್ತಿದ್ದರು, ವಿದ್ಯಾರ್ಥಿಗಳು ನನ್ನ ಅಪ್ಪಣೆಯನ್ನು ಶಿರಸಾವಹಿಸಿ ಪಾಲಿಸುತ್ತಿದ್ದರು. ಕೂತವರ ಎಲೆ ಬರಿದಾಗಿದ್ದು ಕಂಡು ತಿಮ್ಮಣ್ಣ ಮತ್ತೆ ಕಡುಬಿನಿಂದ ಶುರುಮಾಡಿದ. ಬಾಗಿಲ ಹೊರಗೆ ಎರಡನೇ ಪಂಕ್ತಿಯವರು ಹಸಿದು ನಿಂತಿದ್ದರು.

ಬಡಿಸುವುದನ್ನಾದರೂ ನಿಲ್ಲಿಸು ಮಾರಾಯ ಎಂದು ಅವನ ಹಿಂದೆಯೇ ಓಡಾಡಿದೆ. "ಎಲೆ ಮುಂದೆ ಕೂತೋರ್ಗೆ ಸಾಕು ಏಳಿ ಅನ್ನಕಾಗ್ತದಾ? ನನ್ ಕೈಲಾಗಕಿಲ್ಲ ಮೇಡಂ, ಬೇಕಾದ್ರೆ ನೀವೇ ಹೇಳಿ" ಎಂದ. ನನ್ನ ಕೈಲೂ ಆಗಲಿಲ್ಲ. ಎರಡಾಯಿತು, ಎರಡೂ ಹತ್ತಾಯಿತು. ನನ್ನ ಸರದಿ ದಾಟಿಹೋಗಿತ್ತು. ಕೊನೆಗೆ ನಾಚಿಕೆ ಬಿಟ್ಟು, ಪಂಕ್ತಿಯ ಮುಂದೆ ಮಜ್ಜಿಗೆ ಕೊಳಗದ ಪಕ್ಕ ನಿಂತು, ಹೇಗೂ ಎಲ್ಲರೂ ಇದ್ದೀರಿ ಎಂದು ಪ್ರಬಂಧ ಓದತೊಡಗಿದೆ.

ಬೆಳಿಗ್ಗೆ ಯಾರಿಗೂ ಸಿಗದ ಸಭೆ ನನಗೆ ಸಿಕ್ಕಿತ್ತು. ಒಬ್ಬರೂ ಆಚೆ ಹೋಗುವಂತಿರಲಿಲ್ಲ, ಕೈ ತೊಳೆಯದ್ದರಿಂದ ಮೊಬೈಲ್ ಮುಟ್ಟುವಂತೆಯೂ ಇರಲಿಲ್ಲ. ಪ್ರೊಫೆಸರರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ನನ್ನ ದನಿ ತಾನಾಗಿ ಏರಿತು. ಮೂರನೇ ಪುಟದ ಕೊನೆಗೆ ಬಂದು, "ಇಂಥಲ್ಲಿ ಕಾಯುತ್ತಿರುವವರಲ್ಲಿ ಯಾರಾದರೂ ಒಬ್ಬರು ಬಿಟ್ಟುಕೊಡದೆ ಬೇರೆ ದಾರಿಯಿಲ್ಲ" ಎಂದು ಓದಿದೆ.

ಪ್ರೊಫೆಸರರು ತಲೆದೂಗಿದರು. "ತುಂಬಾ ಸರಿಯಾಗಿ ಹೇಳಿದಿರಿ ಮೇಡಂ. ಹಾಗಾದರೆ ನಾನೇ ಬಿಟ್ಟುಕೊಡುತ್ತೇನೆ" ಎಂದು ಎಲೆ ಮಡಿಸಿ ಎದ್ದರು. ಪ್ರಿನ್ಸಿಪಾಲರು ಎದ್ದರು. ಇಡೀ ಪಂಕ್ತಿ ಎದ್ದು ನಲ್ಲಿಯ ಕಡೆ ನಡೆಯಿತು.

ನನ್ನ ಸ್ವಂತ ಉಪಾಯವಿದ್ದ ಎರಡು ಪುಟಗಳನ್ನು ಎಂಜಲೆಲೆಗಳ ಮುಂದೆ ನಿಂತು ಓದಿ ಮುಗಿಸಿದೆ. ತಿಮ್ಮಣ್ಣ ಎಲೆ ಎತ್ತುತ್ತಾ, "ಇದನ್ನ ಆಗ್ಲೇ ಓದಿದ್ರೆ ಸಾರು ಬಿಸಿ ಇರ್ತಿತ್ತಲ್ಲ ಮೇಡಂ" ಎಂದ. ಬೇಜಾರಾಯಿತು, ಅದಕ್ಕಿಂತ ಹೆಚ್ಚಾಗಿ ಹಸಿವಾಗಿತ್ತು. ಎರಡನೇ ಪಂಕ್ತಿಯ ತಲೆಯಲ್ಲೇ ಕುಳಿತೆ.

ಕಡುಬು ಬಿದ್ದಿತ್ತಷ್ಟೇ, ಪ್ರಿನ್ಸಿಪಾಲರು ಬಾಗಿಲಲ್ಲಿ ಕಾಣಿಸಿಕೊಂಡರು. "ಮೇಡಂ, ಎರಡೂವರೆ ಆಯ್ತು. ಅಧ್ಯಕ್ಷರಿಲ್ಲದೆ ಗೋಷ್ಠಿ ನಿಂತಿದೆ, ಪ್ರೊಫೆಸರೂ ಕಾಯ್ತಿದ್ದಾರೆ."

"ಊಟಕ್ಕೆ ಕೂತವರನ್ನ ಎಬ್ಬಿಸ್ತೀರಾ ಸಾರ್?" ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಹೋದರು. ನಾನು ತಿಮ್ಮಣ್ಣನನ್ನು ಕರೆದು ಇನ್ನೊಂದು ಕಡುಬು ಹಾಕಿಸಿಕೊಂಡೆ.