ಅವ್ವನ ಕರಾರು, ಅಪ್ಪನ ಡೇರೆ

ನಮ್ಮ ಮನೆ ಮಂದಿ ಊರ ಗಡಿ ದಾಟಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಮೊನ್ನೆ ಮೊಮ್ಮಕ್ಕಳು ಫೋನಿನಲ್ಲಿ ಕ್ಯಾಂಪಿಂಗ್ ಜಾಗ ಹುಡುಕುತ್ತಿದ್ದರು. "ಅದೆಲ್ಲಾ ನಾವು ನಲವತ್ತು ವರ್ಷದ ಹಿಂದನ ಮಾಡಿ ಕೈ ಮುಗದೀವಿ" ಅಂದೆ. ಯಾರೂ ನಂಬಲಿಲ್ಲ.

ಅಪ್ಪ ಕಲಬುರಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವನಿಗೊಂದು ಹಳೇ ಕಾರು, ಜೊತೆಗೆ ಕಾಡಿನ ಹುಚ್ಚು. ದೀಪಾವಳಿ ಸೂಟಿ ಬಂತೆಂದರೆ ನಮ್ಮನ್ನೆಲ್ಲ ತುಂಬಿಕೊಂಡು ಹೊರಟುಬಿಡುತ್ತಿದ್ದ. ಅವ್ವ ಬರಲು ಒಂದೇ ಕರಾರು ಹಾಕಿದ್ದಳು. "ಅಲ್ಲಿ ನಾ ಒಲಿ ಮುಟ್ಟಂಗಿಲ್ಲ. ಒಂದು ದಿನರ ಬ್ಯಾರೆಯವರು ಮಾಡಿದ ಚಾ ಕುಂತಲ್ಲೇ ಕುಡೀಬೇಕು ನಾನು." ಅಪ್ಪ ಎದೆ ತಟ್ಟಿಕೊಂಡು ಒಪ್ಪಿದ್ದ. ಅವನ ಮನಸ್ಸೇನೋ ಒಳ್ಳೆಯದೇ.

೧. ಝಾಲರಿ ಡೇರೆ

ಆಗ ನಮ್ಮೂರಲ್ಲಿ ಡೇರೆ ಎಲ್ಲಿ ಸಿಗಬೇಕು? ಅಪ್ಪ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಶಾಮಿಯಾನಾ ಹೊಲಿಯುವ ದರ್ಜಿಯನ್ನು ಹಿಡಿದ. "ಫಿಕರ್ ಮಾಡಬ್ಯಾಡ್ರಿ ಸಾಬ್, ಮಜಬೂತ್ ಹೊಲೀತೀನಿ" ಅಂದ ಅವನು. ಮಜಬೂತೇ ಹೊಲಿದ. ಆದರೆ ಕೆಂಪು ಹಳದಿ ಪಟ್ಟೆ, ಸುತ್ತಲೂ ಝಾಲರಿ.

ಎರಡು ದಿನ ಕಾರು ಓಡಿಸಿ ನಾಗರಹೊಳೆಯ ಅಂಚಿಗೆ ಹೋಗಿ ಅದನ್ನು ಹೂಡಿದೆವು. ಅಪ್ಪ ಇನ್ನೂ ಸ್ಟೋವಿಗೆ ಪಂಪು ಹೊಡೆಯುತ್ತಿದ್ದ, ಪಕ್ಕದ ಹಳ್ಳಿಯ ಅಜ್ಜ ಒಬ್ಬ ಹೆಂಡತಿಯನ್ನು ಕರೆದುಕೊಂಡು ಬಂದ. ಇಬ್ಬರೂ ಮಡಿಕೆ ಮುರಿದ ಹೊಸ ಬಟ್ಟೆಯಲ್ಲಿದ್ದರು. "ಮದುವೆ ಯಾರ್ದು ಸಾಮಿ?"

ಮದುವೆ ಇಲ್ಲವೆಂದೂ, ಪ್ರಕೃತಿ ವೀಕ್ಷಣೆಗೆ ಬಂದಿದ್ದೇವೆಂದೂ ಅಪ್ಪ ಅರ್ಧ ಗಂಟೆ ಪಾಠ ಮಾಡಿದ. ಅಜ್ಜ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, "ಆಯ್ತು ಬುಡಿ ಸಾಮಿ. ಊಟ ಎಷ್ಟೊತ್ಗೆ?" ಅಂದ.

ಅವ್ವ ಎದ್ದು ಸ್ಟೋವ್ ಹಚ್ಚಿದಳು.

೨. ಬಾಗಿಲ ಮುಂದಿನ ಚಪ್ಪಲಿ

ಮರುವರ್ಷ ಬಂಡೀಪುರದ ಹತ್ತಿರ. ನಾವು ಮನೆಯ ರೂಢಿಯಂತೆ ಚಪ್ಪಲಿಗಳನ್ನು ಡೇರೆಯ ಹೊರಗೆ ಸಾಲಾಗಿ ಬಿಟ್ಟು ಮಲಗಿದ್ದೆವು. ಬೆಳಗಾಗುವಷ್ಟರಲ್ಲಿ ಮಂಗಗಳು ಅವನ್ನು ಹಂಚಿಕೊಂಡು ಮರ ಹತ್ತಿದ್ದವು. ಅಪ್ಪನ ಎಡಗಾಲಿನದನ್ನು ಒಂದು ಮುದಿ ಮಂಗ ಕಚ್ಚಿ ಕಚ್ಚಿ ನೋಡುತ್ತಿತ್ತು. ಅವ್ವನವನ್ನು ಮಾತ್ರ ಮುಟ್ಟಿರಲಿಲ್ಲ. ಹೀಗಾಗಿ ಮುಳ್ಳಿನ ದಾರಿಯಲ್ಲಿ ಹಾಲು ತರಲು ಅವ್ವನೇ ಹೋಗಬೇಕಾಯಿತು, ಹೋದವಳು ಬಂದು ಚಹವನ್ನೂ ತಾನೇ ಇಟ್ಟಳು.

ಅರಣ್ಯದ ಗಾರ್ಡ್ ಬಂದು ನಗುತ್ತಾ, "ಕಾಡಲ್ಲಿ ಯಾರಾದ್ರೂ ಚಪ್ಪಲಿ ಹೊರಗೆ ಬಿಡ್ತಾರಾ ಸಾರ್?" ಎಂದು ಕೇಳಿದ.

ಬರಿಗಾಲಲ್ಲಿ ನಿಂತಿದ್ದ ಅಪ್ಪನಿಗೆ ರೇಗಿತು. "ಮತ್ತ ಮಂದಿ ಮಲಗೋ ಜಾಗಾದಾಗ ಹಾಕ್ಕೊಂಡು ಬರ್ತಾರೇನ್ರೀ?"

೩. ನೀವೂ ಬರ್ರಿ

ದೂರ ಹೋಗುವುದೇ ತಪ್ಪು ಎಂದು ಅಪ್ಪ ಮುಂದಿನ ಸಲ ಚಿಂಚೋಳಿ ಕಾಡು ಆರಿಸಿದ. ಸ್ವಲ್ಪ ಸುತ್ತಾದರೂ ಕೆಂಪು ಬಾಳೆಹಣ್ಣಿನ ಆಸೆಗೆ ಕಮಲಾಪುರದ ಮೇಲೆ ಹೋದೆವು. ಅಲ್ಲಿ ಅಪ್ಪನ ಅಕ್ಕ, ಅಂದರೆ ನಮ್ಮ ಸೋದರತ್ತೆಯ ಮನೆ. ಅತ್ತೆ ಗೊನೆ ಕೊಟ್ಟು, "ಇಳೀರಿ, ಚಾ ಕುಡದು ಹೋಗ್ರಿ" ಅಂದಳು. ಅವ್ವ ಒಂದು ಕಾಲು ಇಳಿಸಿಯೂ ಬಿಟ್ಟಿದ್ದಳು. "ಹೊತ್ತಾಗತದ ಅಕ್ಕಾ, ಮತ್ತೊಮ್ಮೆ. ನೀವೂ ಬರ್ರಿ, ಎಲ್ಲಾರೂ ಬರ್ರಿ!" ಎನ್ನುತ್ತಾ ಅಪ್ಪ ಕಾರು ಎಬ್ಬಿಸಿದ. ನಮ್ಮ ಕಡೆ ಹಾಗೆ ಕರೆಯದೆ ಹೊರಟರೆ ಅಪಮಾನ. ಕರೆದರೆ ಯಾರೂ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕೊನೆಗೂ ಗೆದ್ದಿದ್ದ. ಚಹ ಕುದಿಯುತ್ತಿತ್ತು, ಅವ್ವ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು. ಅಷ್ಟರಲ್ಲಿ ಟೆಂಪೋ ಒಂದು ಬಂದು ನಿಂತು, ಅದರಿಂದ ಹದಿನಾಲ್ಕು ಮಂದಿ ಇಳಿದರು.

"ಕರದ ಮ್ಯಾಲ ಬರದಿದ್ರ ತಮ್ಮಗ ಬ್ಯಾಸರಾಗತದಲ್ಲ!" ಅಂದಳು ಅತ್ತೆ. ಚಹ ಹಂಚಿ ಹೋಯಿತು. "ಜೋಳದ ಹಿಟ್ಟು ತಂದೀನಿ ತಂಗಿ. ನನಗ ಮೊಣಕಾಲು ನೋವು, ರೊಟ್ಟಿ ನೀನ ಬಡಿ."

ಅವ್ವನ ಮುಖ ನೋಡಿ ನನಗೆ ಅಳುವೇ ಬಂತು. ಅವಳು ಮಾತ್ರ ಹಿಟ್ಟಿನ ಡಬ್ಬಿಯೊಳಗೆ ಇಣುಕಿ, "ಇಷ್ಟು ಮಂದಿಗೆ ಸಾಲಂಗಿಲ್ಲ ಅಕ್ಕಾರ. ನಿಮ್ಮನಿ ಕೀಲಿ ಕೊಡ್ರಿ, ಟೆಂಪೋದಾಗ ಹೋಗಿ ತರ್ತೀನಿ" ಅಂದಳು. ಅತ್ತೆ ಸೊಂಟದ ಕೀಲಿ ಬಿಚ್ಚಿ ಕೊಟ್ಟಳು.

ಮಧ್ಯಾಹ್ನವಾದರೂ ಅವ್ವನ ಸುಳಿವಿಲ್ಲ. ಇದ್ದ ಹಿಟ್ಟಿನಲ್ಲೇ ಅತ್ತೆ ಕೂತು ಹೇಳಿದಳು, ಅಪ್ಪ ರೊಟ್ಟಿ ಬಡಿದ. ಒಂದೂ ದುಂಡಗಾಗಲಿಲ್ಲ. ನಾಲ್ಕು ಗಂಟೆಗೆ ಅವನ ಮುಖ ಸಣ್ಣಗಾಯಿತು. ನನ್ನನ್ನು ಕೂಡಿಸಿಕೊಂಡು ಕಮಲಾಪುರಕ್ಕೆ ಕಾರು ಓಡಿಸಿದ.

ಅತ್ತೆಯ ಮನೆಯ ಕಟ್ಟೆಯ ಮೇಲೆ ಅವ್ವ ತಲೆಗೆ ಎರೆದುಕೊಂಡು ಕೂದಲು ಹರವಿ ಕೂತಿದ್ದಳು. ಮಲಗಿ ಎದ್ದ ಕಣ್ಣು. ಪಕ್ಕದ ಮನೆಯಾಕೆ ಆಗಷ್ಟೇ ಚಹದ ಕಪ್ಪು-ಬಸಿ ಅವಳ ಕೈಗಿಟ್ಟು ಒಳಗೆ ಹೋದಳು.

ಅಪ್ಪ ಗಾಬರಿಯಿಂದ, "ಏ, ಹಿಟ್ಟು ಎಲ್ಲಿ?" ಅಂದ.

"ಒಳಗ ಅದ, ಒಯ್ರಿ" ಎಂದು ಅವ್ವ ಬಸಿಗೆ ಸುರಿದುಕೊಂಡು ನಿಧಾನವಾಗಿ ಗುಟುಕರಿಸಿದಳು. "ಇದು ಮೂರನೇ ಚಾ. ಅಕ್ಕಾರಿಗೆ ಹೇಳ್ರಿ, ಅವಸರ ಮಾಡಬ್ಯಾಡ್ರಿ, ಇನ್ನೂ ಎರಡು ದಿನ ಕಾಡಿನ್ಯಾಗ ಆರಾಮ ಇರ್ರಿ ಅಂತ."